ಕೀಮೋ ನಡೆಯುವಾಗ ಬೆಕ್ಕುಗಳನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದಾ?

ಮುಂದಿನ ವಾರ ಕೀಮೋ ಶುರು, ಮನೆಯಲ್ಲಿ ಎರಡು ಬೆಕ್ಕುಗಳಿವೆ, ಎಲ್ಲರೂ "ಯಾರಿಗಾದರೂ ಕೊಟ್ಟುಬಿಡು" ಅಂತಿದ್ದಾರೆ ಎಂದು ಬರೆದಿದ್ದೀರಿ. ದಯವಿಟ್ಟು ಅವಸರ ಮಾಡಬೇಡಿ. ನನ್ನ ಕೀಮೋ ಮುಗಿಯುವವರೆಗೂ ನಮ್ಮ ಬೆಕ್ಕು ಚಿನ್ನಿ ನನ್ನ ಜೊತೆಗೇ ಇತ್ತು. ಬೆಕ್ಕಿದೆ ಅಂತ ನಿಮ್ಮ ಡಾಕ್ಟರಿಗೆ ಮೊದಲೇ ಹೇಳಿ. ಹೆಚ್ಚಿನವರಿಗೆ ಬೇಡ ಅನ್ನುವುದಿಲ್ಲ, ಆದರೆ ಸ್ಟೆಮ್ ಸೆಲ್ (ರಕ್ತ ತಯಾರಿಸುವ ಮೂಲಕೋಶ) ಕಸಿ ಆಗುವವರಿಗೆ ನಿಯಮ ಇನ್ನೂ ಬಿಗಿ.

ಮುಖ್ಯವಾದ ವಿಷಯ ಲಿಟರ್ ಟ್ರೇ, ಅಂದರೆ ಬೆಕ್ಕು ಮಲಮೂತ್ರ ಮಾಡುವ ಟ್ರೇ. ಅದನ್ನು ನೀವು ಮುಟ್ಟಬೇಡಿ, ಬೇರೆಯವರು ಮಾಡಲಿ. ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಅನ್ನುವ ಪರಾವಲಂಬಿ ಇರಬಹುದು. ಅದು ಹೊರಬಿದ್ದ ತಕ್ಷಣ ಸೋಂಕು ತರುವುದಿಲ್ಲ, 1ರಿಂದ 5 ದಿನ ಬೇಕು. ಅದಕ್ಕೇ ಟ್ರೇ ದಿನಾ ಸ್ವಚ್ಛವಾಗಬೇಕು. ಯಾರೂ ಇಲ್ಲದ ದಿನ ನೀವೇ ಮಾಡಬೇಕಾಗಿ ಬಂದರೆ ಗ್ಲೌಸ್, ಮಾಸ್ಕ್ ಹಾಕಿಕೊಳ್ಳಿ, ಆಮೇಲೆ ಸೋಪಿನಲ್ಲಿ ಚೆನ್ನಾಗಿ ಕೈ ತೊಳೆಯಿರಿ. ಸ್ಯಾನಿಟೈಸರ್ ಇದನ್ನು ಕೊಲ್ಲುವುದಿಲ್ಲ. ಮನೆಯೊಳಗೇ ಇದ್ದು, ಬೇಟೆ ಆಡದೆ, ಬೇಯಿಸಿದ್ದನ್ನೋ ಪ್ಯಾಕೆಟ್ ಆಹಾರವನ್ನೋ ತಿನ್ನುವ ಬೆಕ್ಕಿನಿಂದ ಅಪಾಯ ತುಂಬಾ ಕಡಿಮೆ. ಹಸಿ ಮಾಂಸ ಹಾಕಬೇಡಿ, ಹೊರಗೆ ಬಿಡಬೇಡಿ. ಅಂದಹಾಗೆ, ಮನುಷ್ಯರಿಗೆ ಈ ಸೋಂಕು ಸರಿಯಾಗಿ ಬೇಯದ ಮಾಂಸದಿಂದ, ಮಣ್ಣಿನಿಂದಲೂ ಬರುತ್ತದೆ. ಪಾಪ, ತಪ್ಪೆಲ್ಲ ಬೆಕ್ಕಿನ ತಲೆಗೆ ಕಟ್ಟುತ್ತಾರೆ.

ಇನ್ನು ಉಗುರು. ಪರಚಿದಾಗ ಬರುವ, ಬಾರ್ಟೊನೆಲ್ಲಾ ಅನ್ನುವ ಬ್ಯಾಕ್ಟೀರಿಯಾದ ಸೋಂಕಿನ ಬೇರು ಚಿಗಟದಲ್ಲಿದೆ. ಚಿಗಟದ ಹಿಕ್ಕೆ ಬೆಕ್ಕಿನ ಉಗುರಿಗೆ ಮೆತ್ತಿಕೊಂಡು, ಪರಚಿದ ಗಾಯದೊಳಗೆ ಹೋಗುತ್ತದೆ. ಚಿಗಟ ಇದೆಯಾ ಅಂತ ನಮ್ಮ ಮನೆಯಲ್ಲಿ ಹೀಗೆ ನೋಡುತ್ತಿದ್ದೆವು: ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬೆನ್ನು ಬಾಚಿ, ಉದುರಿದ ಕಪ್ಪು ಚುಕ್ಕಿಗಳನ್ನು ಒದ್ದೆ ಬಿಳಿ ಕಾಗದದ ಮೇಲೆ ಹಾಕುವುದು. ಸುತ್ತ ಕೆಂಪು ಹರಡಿದರೆ ಅದು ಚಿಗಟದ ಹಿಕ್ಕೆ, ಸುಮ್ನೆ ಧೂಳಲ್ಲ. ಪಶುವೈದ್ಯರು ಕೊಡುವ ಚಿಗಟದ ಔಷಧಿಯನ್ನು ತಪ್ಪಿಸಬೇಡಿ. ಉಗುರನ್ನು ಆಗಾಗ ಬೇರೆಯವರು ಕತ್ತರಿಸಲಿ. ಉಗುರನ್ನೇ ಕಿತ್ತುಹಾಕಿಸುವ ಆಪರೇಷನ್ ಖಂಡಿತ ಬೇಡ.

ಕಚ್ಚಿದರೆ ಕಾಯುತ್ತಾ ಕೂರಬೇಡಿ. ಬೆಕ್ಕಿನ ಹಲ್ಲು ಸೂಜಿಯ ಹಾಗೆ. ಮೇಲೆ ಚಿಕ್ಕ ತೂತು ಕಂಡರೂ ಕ್ರಿಮಿ ಆಳಕ್ಕೆ ಇಳಿದಿರುತ್ತದೆ. ಹರಿಯುವ ನೀರಲ್ಲಿ ಸೋಪು ಹಾಕಿ ತೊಳೆದು, ಆಗಲೇ ಆಸ್ಪತ್ರೆಗೆ ಫೋನ್ ಮಾಡಿ. ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೂ ಅಷ್ಟೇ, ಮಧ್ಯರಾತ್ರಿ ಆದರೂ ಸರಿ. ಕೀಮೋ ಆಗಿ 7ರಿಂದ 14 ದಿನಗಳ ನಡುವೆ ಸಾಮಾನ್ಯವಾಗಿ ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳ ಸಂಖ್ಯೆ ತೀರಾ ಕೆಳಗಿರುತ್ತದೆ. ಆಗ ಕೈಯಿಂದ ಆಟ ಆಡಿಸುವುದು ಬೇಡ. ಮುಖ, ಗಾಯ ನೆಕ್ಕಲು ಯಾವತ್ತೂ ಬಿಡಬೇಡಿ. ಕೈಗೆ ಪಿಕ್ ಲೈನ್ (ಔಷಧಿ ಕೊಡಲು ತೋಳಿನ ರಕ್ತನಾಳದೊಳಗೆ ಹಾಕಿಡುವ ಸಣ್ಣ ಟ್ಯೂಬ್) ಹಾಕಿದ್ದರೆ ಅದನ್ನು ಮುಚ್ಚಿಟ್ಟುಕೊಳ್ಳಿ. ತೂಗುವ ಟ್ಯೂಬ್ ಕಂಡರೆ ಬೆಕ್ಕಿಗೆ ಪಂಜ ಹಾಕಬೇಕು ಅನ್ನಿಸುತ್ತದೆ, ಚಿನ್ನಿಗೂ ಅದರ ಮೇಲೇ ಕಣ್ಣು.

ಯಾರೂ ಹೇಳದ ಇನ್ನೊಂದು ಮಾತಿದೆ, ನಿಮ್ಮಿಂದ ಬೆಕ್ಕಿಗೂ ಅಪಾಯ ಇದೆ. ಕೀಮೋ ಆದ ಮೇಲೆ 2–3 ದಿನ ಔಷಧಿ ನಿಮ್ಮ ಮೂತ್ರ, ವಾಂತಿಯಲ್ಲಿ ಹೊರಬರುತ್ತಿರುತ್ತದೆ. ಕಮೋಡ್ ಮುಚ್ಚಳ ಹಾಕಿಯೇ ಫ್ಲಶ್ ಮಾಡಿ, ವಾಂತಿಯ ಪಾತ್ರೆ ಬೆಕ್ಕಿಗೆ ಸಿಗದ ಹಾಗೆ ಇಡಿ. ಕೀಮೋ ಮಾತ್ರೆ ನೆಲಕ್ಕೆ ಬಿದ್ದರೆ ಹುಡುಕಿ ತೆಗೆಯಿರಿ. ಚರ್ಮಕ್ಕೆ ಹಚ್ಚುವ ಫ್ಲೋರೊಯುರಾಸಿಲ್ ಅನ್ನುವ ಕೀಮೋ ಕ್ರೀಮ್ ಅನ್ನು ಸ್ವಲ್ಪ ನೆಕ್ಕಿದರೂ ಬೆಕ್ಕಿನ ಪ್ರಾಣಕ್ಕೇ ಕುತ್ತು.

ಚಿಕಿತ್ಸೆ ಮುಗಿಯುವವರೆಗೆ ಹೊಸ ಮರಿ, ಬೀದಿ ಬೆಕ್ಕು ತರಬೇಡಿ. ಮರಿಗಳು ಪರಚುವುದು ಜಾಸ್ತಿ, ಸೋಂಕೂ ಜಾಸ್ತಿ.

ನಿಮಗಿನ್ನೂ ಒಂದು ವಾರ ಇದೆ ಅಲ್ವಾ? ಅಷ್ಟರಲ್ಲಿ ಎರಡೂ ಬೆಕ್ಕುಗಳನ್ನು ಪಶುವೈದ್ಯರಿಗೆ ತೋರಿಸಿ, ನಿಮಗೆ ಕೀಮೋ ಇದೆ ಅಂತ ಅವರಿಗೂ ತಿಳಿಸಿ. ಟ್ರೇ ಯಾರು ನೋಡಿಕೊಳ್ಳುತ್ತಾರೆ ಅಂತ ಈಗಲೇ ಗೊತ್ತು ಮಾಡಿಕೊಳ್ಳಿ. ಕೊಟ್ಟುಬಿಡು ಅಂದವರನ್ನೇ ಕೇಳಿ ನೋಡಿ. ಅವರಿಗಿರುವುದು ನಿಮ್ಮ ಚಿಂತೆ, ಒಪ್ಪಿದರೂ ಒಪ್ಪಿಯಾರು.