ಕಾಡುಮರ ಬೇಕು ಅಂತಾರೆ, ನೆಡೋದು ಸಿಲ್ವರ್ ಓಕ್: ಸರ್ವೆ ಮಾಡೋರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸರ್, ಸಿದ್ದಾಪುರ ಕಡೆ ಕಾಫಿ ತೋಟದವರ ಹತ್ರ ಸರ್ವೆ ಮಾಡ್ದೆ. ನೆರಳಿಗೆ ಕಾಡುಮರಾನೇ ಇರ್ಬೇಕು ಅಂತ ಹೆಚ್ಚುಕಮ್ಮಿ ಎಲ್ರೂ ಹೇಳಿದ್ರು. ತೋಟಕ್ಕೆ ಹೋಗಿ ನೋಡಿದ್ರೆ ಬರೀ ಸಿಲ್ವರ್ ಓಕ್ ಮರ. ಜನ ಸುಳ್ಳು ಹೇಳ್ತಾರೆ ಅಂತ ರಿಪೋರ್ಟಲ್ಲಿ ಬರೀಲಾ?

ಬರೀಬೇಡಿ ಮಾರಾಯ್ರೆ. ಥೀಸಿಸ್ ಸೀಸನ್ ಬಂತು ಅಂದ್ರೆ ಇದೇ ಪ್ರಶ್ನೆ, ಪ್ರತಿ ಸಲ ತಪ್ಪು ಮಾತ್ರ ಜನರ ತಲೆ ಮೇಲೆ. ಊರೂರಿಗೂ ದೇವರಕಾಡು ಇರೋ ಕೊಡಗಲ್ಲಿ "ಕಾಡುಮರ ಬೇಕಾ" ಅಂತ ಕೇಳಿದ್ರೆ ಬೇಡ ಅಂತ ಯಾರು ಹೇಳ್ತಾರೆ, ಹೂಂ ಅನ್ನೋಕೆ ಒಂದು ರೂಪಾಯಿ ಖರ್ಚಿಲ್ಲ. ಸಿಲ್ವರ್ ಆದ್ರೆ ಬೇಗ ನೆಟ್ಟಗೆ ಬೆಳೆಯುತ್ತೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಕೈ ಖಾಲಿಯಾದಾಗ ಕಡಿದು ಮಾರೋಕೆ ಬೀಟೆ ಹೊನ್ನೆಯಷ್ಟು ಪರ್ಮಿಶನ್ ತಾಪತ್ರಯ ಇಲ್ಲ. ಮರದ ಮೇಲೆ ಪ್ರೀತಿ ಇರೋ ಮನುಷ್ಯನೇ ಇದನ್ನೂ ಲೆಕ್ಕ ಹಾಕೋದು.

ಇಷ್ಟಾನಾ ಅಂತ ಕೇಳೋದು ಬಿಟ್ಟು ಮೂರು ಆಯ್ಕೆ ಇರೋ ಕಾರ್ಡ್ ಇಟ್ಟು ಒಂದಕ್ಕೆ ಟಿಕ್ ಹಾಕಿಸಿ. ಒಂದ್ರಲ್ಲಿ ಎಕರೆಗೆ ಕಾಡುಮರ ಜಾಸ್ತಿ, ಕಡಿಯೋ ಹಕ್ಕು ಸುಲಭ, ಸಹಾಯಧನ ಕಮ್ಮಿ, ಇನ್ನೊಂದ್ರಲ್ಲಿ ಮರ ಅಷ್ಟೇ, ಹಕ್ಕು ಈಗಿನ ಹಾಗೆ, ದುಡ್ಡು ಜಾಸ್ತಿ. ಮೂರನೇದು "ಎರಡೂ ಬೇಡ, ಇದ್ದ ಹಾಗೇ ಇರ್ಲಿ". ಇದನ್ನ ಬಿಟ್ರೆ ಬೇಡ ಅನ್ನೋರ ಕೈಲೂ ಬಲವಂತಕ್ಕೆ ಟಿಕ್ ಹಾಕಿಸಿದ ಹಾಗೆ, ಆ ಡೇಟಾ ಒಲೆಗೆ. ಹೀಗೆ ಬದಲಾಯಿಸ್ತಾ ಒಬ್ಬೊಬ್ಬರಿಗೆ ಆರೆಂಟು ಸಲ ಕೇಳಿ. ಆಯ್ಕೆಯ ಹಿಂದೆ ನಮಗೆ ಕಾಣೋ ಭಾಗ ಒಂದು, ಅವರಿಗೆ ಮಾತ್ರ ಗೊತ್ತಿರೋದು ಇನ್ನೊಂದು, ಅದಕ್ಕೇ ಈ ಉತ್ತರಗಳನ್ನ ಲೆಕ್ಕ ಹಾಕೋ ಮಾಡೆಲ್ ಇಂಥದ್ದನ್ನೇ ಆರಿಸ್ತಾರೆ ಅನ್ನಲ್ಲ, ಆರಿಸೋ ಸಾಧ್ಯತೆ ಇಷ್ಟು ಅನ್ನುತ್ತೆ. ಅರ್ಥಶಾಸ್ತ್ರಜ್ಞ ಮೆಕ್‌ಫ್ಯಾಡನ್‌ಗೆ 2000ದಲ್ಲಿ ನೊಬೆಲ್ ಬಂದಿದ್ದು ಈ ದಾರಿ ತೋರಿಸಿದ್ದಕ್ಕೇ. ಆಮೇಲೆ ಹಕ್ಕಿನ ಗುಣಾಂಕವನ್ನ (ಆಯ್ಕೆಯಲ್ಲಿ ಅದರ ತೂಕ ಎಷ್ಟು ಅಂತ ಮಾಡೆಲ್ ಕೊಡೋ ಅಂಕಿ) ದುಡ್ಡಿನ ಗುಣಾಂಕದಿಂದ ಭಾಗಿಸಿದ್ರೆ ಕಡಿಯೋ ಹಕ್ಕು ಎಷ್ಟು ರೂಪಾಯಿ ಸಹಾಯಧನಕ್ಕೆ ಸಮ ಅಂತ ಸಿಗುತ್ತೆ, ಸಬ್ಸಿಡಿ ಕೊಡ್ಬೇಕಾ ರೂಲ್ಸ್ ಬದಲಾಯಿಸ್ಬೇಕಾ ಅನ್ನೋ ಮಾತು ಅಲ್ಲಿಂದ ಶುರು.

ಕಾರ್ಡಲ್ಲಿರೋದೂ ಕಲ್ಪನೆಯ ದುಡ್ಡೇ, ಅದಕ್ಕೆ ಬಂದ ನಂಬರನ್ನ ನಾನಂತೂ ಪೂರ್ತಿ ನಂಬಲ್ಲ. ಕಾಫಿ ಕುಯ್ಲಿನ ಟೈಮಲ್ಲಂತೂ ಹೋಗಲೇಬೇಡಿ, ಕಣದಲ್ಲಿ ಕೆಲಸ ಇರೋರು ಎಲ್ಲಾ ಕಾರ್ಡಲ್ಲೂ ಮೊದಲನೇದಕ್ಕೇ ಟಿಕ್ ಹಾಕಿ ಕಳಿಸ್ತಾರೆ, ನಾನೇ ಒಂದು ಕಟ್ಟು ಫಾರಂ ಬಿಸಾಕಿದೀನಿ.

ಪ್ರಶ್ನೆ: ಕಾವೇರಿ ಕ್ಲೀನ್ ಮಾಡೋಕೆ ಎಷ್ಟು ಕೊಡ್ತೀರಾ ಅಂತ ನೇರ ಕೇಳಬಹುದಾ?

ಬೇಡ. ಅಲಾಸ್ಕದಲ್ಲಿ 1989ರಲ್ಲಿ ಹಡಗಿನಿಂದ ಎಣ್ಣೆ ಚೆಲ್ಲಿದ ಮೇಲೆ ಕೂತ ಅರ್ಥಶಾಸ್ತ್ರಜ್ಞರಾದ ಆ್ಯರೋ, ಸೋಲೋ ಅವರ ಸಮಿತಿ 1993ರಲ್ಲೇ ಹೇಳಿದೆ, ಇಷ್ಟು ರೂಪಾಯಿ ಅಂತ ಹೇಳಿ ಹೂಂ ಇಲ್ಲಾ ಉಹೂಂ ಕೇಳಿ, ವೋಟ್ ಹಾಕಿಸಿದ ಹಾಗೆ.

ಪ್ರಶ್ನೆ: ಕಾರ್ಡಿನ ಉತ್ತರದಿಂದ ಸಾಧ್ಯತೆ ಲೆಕ್ಕ ಹಾಕೋಕೆ ಸಾದಾ ಲಾಜಿಟ್ ಅನ್ನೋ ಸರಳ ಮಾಡೆಲ್ ಸಾಕಲ್ವಾ?

ಮಡಿಕೇರಿಯಿಂದ ಮೈಸೂರಿಗೆ ಅರ್ಧ ಜನ ಕಾರು, ಅರ್ಧ ಕೆಂಪು ಬಸ್ಸು ಅಂತ ಇಟ್ಕೊಳಿ. ಅಂಥದ್ದೇ ಇನ್ನೊಂದು ಬಸ್ಸಿಗೆ ನೀಲಿ ಬಣ್ಣ ಬಳಿದು ಬಿಟ್ರೆ ಸಾದಾ ಲಾಜಿಟ್ ಕಾರಿನವರನ್ನೂ ಮೂರರಲ್ಲಿ ಒಂದು ಪಾಲಿಗೆ ಇಳಿಸುತ್ತೆ. ಬಸ್ಸಿನ ಬಣ್ಣ ನೋಡಿ ಕಾರು ಬಿಡೋರು ಯಾರು? ಸಾಕಾ ನೀವೇ ಹೇಳಿ.

ಪ್ರಶ್ನೆ: ಹತ್ತು ಪ್ರಶ್ನೆಗೆ ಉತ್ತರ ಕೊಟ್ರೆ ತೋಟದ ಹಸಿರಿಗೆ ರೇಟ್ ಹೇಳೋ ಆ್ಯಪ್ ಇದೆಯಂತೆ, ಒಬ್ರು ಫೀಸ್ ಕೇಳ್ತಿದಾರೆ.

ಕಾಫಿ ಕುಡಿಸಿ ಕಳಿಸಿ.