ಆನೆ ಚಿತ್ರದ ಬೆಳ್ಳಿ ನಾಣ್ಯಕ್ಕೆ ಮುಂದೆ ಒಳ್ಳೆ ಬೆಲೆ ಬರುತ್ತದಾ?

ಮಗಳ ಹುಟ್ಟುಹಬ್ಬಕ್ಕೆ ಸೊಮಾಲಿಯಾದ ಆನೆ ನಾಣ್ಯ ಕೊಡಬೇಕು ಅಂತಿದ್ದೀರಿ, ಮುಂದೆ ಬೆಲೆ ಏರುತ್ತದಾ ಅಂತಲೂ ಕೇಳಿದ್ದೀರಿ. ಖಂಡಿತ ಕೊಡಿ. ಆದರೆ ಲಾಭದ ಲೆಕ್ಕ ಹಾಕಿಕೊಂಡು ಕೊಳ್ಳಬೇಡಿ.

ನಾನು ತುಮಕೂರಿನವನು. ಪ್ರಾಣಿಗಳಿರುವ ನಾಣ್ಯಗಳನ್ನೇ ಹುಡುಕಿ ಕೂಡಿಡುತ್ತೇನೆ. ಈ ಆನೆ ನಾಣ್ಯದ ಮೇಲೆ ಸೊಮಾಲಿಯಾ ಹೆಸರಿದ್ದರೂ ಅದು ಅಚ್ಚಾಗುವುದು ಜರ್ಮನಿಯ ಬವೇರಿಯಾ ಟಂಕಸಾಲೆಯಲ್ಲಿ. ಸಂತೆಯಲ್ಲಿ ಕೈಯಿಂದ ಕೈಗೆ ಓಡಾಡಲಿ ಅಂತ ಮಾಡಿದ್ದಲ್ಲ, ನಮ್ಮಂಥವರಿಗಾಗಿಯೇ ಮಾಡಿದ್ದು. ಪ್ರತಿ ವರ್ಷ ಆನೆಯ ಚಿತ್ರ ಬದಲಾಗುತ್ತದೆ, ಒಂದು ಕೊಂಡವರಿಗೆ ಇನ್ನೊಂದು ಬೇಕೆನಿಸುತ್ತದೆ. ಚೀನಾದ ಪಾಂಡಾ ನಾಣ್ಯ 1982ರಿಂದಲೂ ಜನರನ್ನು ಹೀಗೇ ಹಿಡಿದಿಟ್ಟಿದೆ.

ಒಂದು ಔನ್ಸ್ ನಾಣ್ಯದಲ್ಲಿ ಸುಮಾರು 31.1 ಗ್ರಾಂ ಬೆಳ್ಳಿ ಇರುತ್ತದೆ. ನೀವು ಕೊಡುವ ದುಡ್ಡಿನಲ್ಲಿ ಅಚ್ಚಿನ ಖರ್ಚು, ಪೆಟ್ಟಿಗೆ, ತೆರಿಗೆ, ಮಾರುವವರ ಲಾಭ ಎಲ್ಲ ಸೇರಿರುತ್ತದೆ. ಒಮ್ಮೆ ತುರ್ತಾಗಿ ಹಣ ಬೇಕಾಗಿ ನಾನು ಎರಡು ನಾಣ್ಯ ಹಿಡಿದು ನಮ್ಮೂರಿನ ಬೆಳ್ಳಿ ಅಂಗಡಿಗೆ ಹೋಗಿದ್ದೆ. ತಕ್ಕಡಿಗೆ ಹಾಕಿದರು, ಅಂದಿನ ಬೆಳ್ಳಿ ದರಕ್ಕಿಂತ ಸ್ವಲ್ಪ ಕಡಿಮೆ ಹೇಳಿದರು. ಆನೆಯ ಮುಖವನ್ನು ನೋಡಲೂ ಇಲ್ಲ. ಅವರಿಗೆ ಅದು ಬೆಳ್ಳಿ, ತಪ್ಪೇನಿಲ್ಲ ಅಲ್ವಾ? ಚಿತ್ರಕ್ಕೆ ಬೆಲೆ ಕೊಡುವುದು ಇನ್ನೊಬ್ಬ ಸಂಗ್ರಾಹಕ ಮಾತ್ರ. ಅಂಥವರನ್ನು ಹುಡುಕಲು ತಿಂಗಳುಗಟ್ಟಲೆ ಬೇಕಾಗಬಹುದು.

ಮಗಳಿಗೆ ಒಂದು ಮಾತು ಹೇಳಿಕೊಡಿ: ನಾಣ್ಯವನ್ನು ಪ್ಲಾಸ್ಟಿಕ್ ಡಬ್ಬಿಯಿಂದ ತೆಗೆಯಬಾರದು, ಉಜ್ಜಲಂತೂ ಬಾರದು. ಕನ್ನಡಿಯಂತೆ ಹೊಳೆಯುವ ನಾಣ್ಯವೊಂದು ಕಪ್ಪಾಯಿತೆಂದು, ದೇವರ ದೀಪ ತಿಕ್ಕಿದ ಹಾಗೆ ಹಲ್ಲುಪುಡಿ ಹಾಕಿ ತಿಕ್ಕಿದ್ದೆ. ಮೇಲೆಲ್ಲ ಗೀರು ಬಿತ್ತು. ಆ ಹೊಳಪು ಮತ್ತೆ ಬರಲಿಲ್ಲ, ಇವತ್ತಿಗೂ ಬೇಸರವಿದೆ.

ನಮ್ಮ ದೇಶದ್ದೇ ಬೇಕೆಂದರೆ, ಹುಲಿ ಯೋಜನೆಗೆ 50 ವರ್ಷ ತುಂಬಿದಾಗ 50 ರೂಪಾಯಿಯ ನಾಣ್ಯ ಬಂತು. 2023ರ ಏಪ್ರಿಲ್ 9ರಂದು ಮೈಸೂರಿನಲ್ಲೇ ಪ್ರಧಾನಿ ಬಿಡುಗಡೆ ಮಾಡಿದರು.

ಅದಕ್ಕೂ ಮೊದಲು ಮನೆಯ ಹಳೇ ಡಬ್ಬಿಗಳಲ್ಲಿ ಒಂದ್ಸಲ ಹುಡುಕಿ. ಘೇಂಡಾಮೃಗದ ಸ್ಟೀಲ್ ನಾಲ್ಕಾಣೆ ಸಿಕ್ಕೇ ಸಿಗುತ್ತದೆ. 2011ರಲ್ಲಿ ಚಲಾವಣೆ ನಿಂತಿತು. ಅದಕ್ಕೆ ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಕಳಿಸಿ ಅಂತ ಯಾರಾದರೂ ಫೋನ್ ಮಾಡಿದರೆ ಕಟ್ ಮಾಡಿ. ಇಂಥ ಮೋಸದ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ. ಆ ನಾಲ್ಕಾಣೆಯನ್ನೂ ಆನೆಯ ಪಕ್ಕದಲ್ಲಿಟ್ಟು ಮಗಳಿಗೆ ಕೊಡಿ. ಅದರಲ್ಲಿ ನೀವು ಚಿಕ್ಕಂದಿನಲ್ಲಿ ಏನು ಕೊಂಡು ತಿಂದಿರಿ ಅಂತಲೂ ಹೇಳಿ.