ಸರ್ಕಾರ ಹಣ ಸುರಿಯುತ್ತದೆಯೇ? ಟಂಪೆರೆಯಿಂದ ಭದ್ರಾವತಿಯ ತಮ್ಮನಿಗೆ

ತಮ್ಮಾ, ನೀನು ಕೇಳಿದ್ದು ಎರಡೇ ಮಾತು: ಐವತ್ತಾರು ಲಕ್ಷ ಜನರ ಫಿನ್‌ಲೆಂಡಿನಲ್ಲಿ ಹೊಸ ಉದ್ಯಮಕ್ಕೆ ಸರ್ಕಾರ ಹಣ ಸುರಿಯುತ್ತದಂತೆ, ನಿಜವೇ? ಕೆಲಸಕ್ಕೆ ಬಂದು ಆಮೇಲೆ ಸ್ವಂತದ್ದು ಆರಂಭಿಸಬಹುದೇ? ಚಳಿಯ ಬಗ್ಗೆ ಕೇಳಲಿಲ್ಲ, ಸಂತೋಷ. ಆಗುಂಬೆಯ ಮಳೆ ಕಂಡವರು ಚಳಿಯನ್ನೂ ಸಹಿಸುತ್ತಾರೆ. ನವೆಂಬರಿನ ಕತ್ತಲೆಯ ಮಾತು ಬೇರೆ.

ಸುರಿಯುವುದಿಲ್ಲ. ಬಿಸಿನೆಸ್ ಫಿನ್‌ಲೆಂಡ್ ಎಂಬ ಸರ್ಕಾರಿ ಸಂಸ್ಥೆ ಯೋಜನೆಯ ವೆಚ್ಚದಲ್ಲಿ ಒಂದು ಪಾಲು ಕೊಡುತ್ತದೆ, ಉಳಿದದ್ದನ್ನು ಕಂಪನಿಯೇ ಹೊಂದಿಸಬೇಕು. ಸಾಲ ಕೊಟ್ಟ ಸಂಶೋಧನೆ ಫಲಿಸದಿದ್ದರೆ ಒಂದಷ್ಟನ್ನು ಮನ್ನಾ ಮಾಡುವ ಅವಕಾಶವಿದೆ. ನಮ್ಮಲ್ಲಿ ಸಾಲಮನ್ನಾ ಚುನಾವಣೆಯ ಸರಕು. ಇಲ್ಲಿ ಅದು ಮೊದಲೇ ಬರೆದಿಟ್ಟ ನಿಯಮ. ಯಾವ ಪ್ರಯೋಗ ಗೆಲ್ಲುತ್ತದೆಂಬುದು ತನಗೆ ತಿಳಿಯದು ಎಂದು ಸರ್ಕಾರವೇ ಒಪ್ಪಿಕೊಂಡಂತೆ. ನನಗೆ ಹಿಡಿಸಿದ್ದು ಇದೇ.

ನಮ್ಮ ಭದ್ರಾವತಿಯೂ ಸಣ್ಣ ಸಂಸ್ಥಾನವೊಂದರ ಪ್ರಯೋಗವೇ ಅಲ್ಲವೇ? 1923ರಲ್ಲಿ ಮೈಸೂರು ಸರ್ಕಾರದ ಕಬ್ಬಿಣದ ಕಾರ್ಖಾನೆ ಮಲೆನಾಡಿನ ಇದ್ದಿಲಿನಿಂದ ಕುಲುಮೆ ಹೊತ್ತಿಸಿತು. 1936ರಲ್ಲಿ ಮೈಸೂರು ಪೇಪರ್ ಮಿಲ್ಸ್ (ಎಂಪಿಎಂ) ಎಂಬ ಕಾಗದದ ಕಾರ್ಖಾನೆ ಬಂತು. ನೋಕಿಯಾ ಹುಟ್ಟಿದ್ದೂ ಕಾಗದದ ತಿರುಳಿನ ಗಿರಣಿಯಾಗಿ, ನಾನಿರುವ ಇದೇ ಟಂಪೆರೆಯಲ್ಲಿ, 1865ರಲ್ಲಿ. ಅದು ರಬ್ಬರು, ಕೇಬಲ್ಲು ಎಂದು ಹೊರಳುತ್ತ ಮೊಬೈಲಿಗೆ ಬಂತು. ಎಂಪಿಎಂ ಕಾಗದ, ಸಕ್ಕರೆಯಾಚೆ ಹೋಗದೆ ನಿಂತುಹೋಯಿತು. ಒಡೆತನವನ್ನೇ ಸರ್ಕಾರ ಹೊತ್ತ ಕಡೆ ಹೊರಳುವ ಚುರುಕು ಕುಂದುತ್ತದೆ ಎಂಬುದು ನನ್ನ ಅನಿಸಿಕೆ. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬಾಳಿದ ನಿನ್ನ ತಂದೆ ಇದನ್ನು ಒಪ್ಪಲಾರರು, ಬಲ್ಲೆ.

ಹಾಗೆಂದು ಇಲ್ಲಿ ಸರ್ಕಾರ ಕೈಕಟ್ಟಿ ಕುಳಿತಿರಲಿಲ್ಲ. 1981ರಲ್ಲಿ ನಾರ್ಡಿಕ್ ದೇಶಗಳು ಒಂದೇ ಮೊಬೈಲ್ ವ್ಯವಸ್ಥೆಗೆ ಒಪ್ಪಿ ಜಾಲ ಆರಂಭಿಸಿದ್ದರಿಂದ ಪುಟ್ಟ ಮಾರುಕಟ್ಟೆ ಒಮ್ಮೆಲೇ ಹಿಗ್ಗಿತು. 1983ರಲ್ಲಿ ಹುಟ್ಟಿದ ಟೆಕೆಸ್ ಸಂಸ್ಥೆ ಕಂಪನಿಗಳನ್ನೂ ವಿಶ್ವವಿದ್ಯಾಲಯಗಳನ್ನೂ ಒಟ್ಟಿಗೆ ಕೂರಿಸಿತು. 1990ರ ದಶಕದ ಆರಂಭದಲ್ಲಿ ಸೋವಿಯತ್ ಒಕ್ಕೂಟ ಕುಸಿದು ರಫ್ತು ಬಿದ್ದಾಗ, ಬೇರೆ ಖರ್ಚುಗಳಿಗೆ ಕತ್ತರಿ ಹಾಕುತ್ತಲೇ ಸಂಶೋಧನೆಯ ಹಣವನ್ನು ಹೆಚ್ಚಿಸಿದರು. ಆದರೆ ದೇಶವೆಲ್ಲ ಒಂದೇ ಕಂಪನಿಗೆ ಒರಗಿತು. 2014ರಲ್ಲಿ ನೋಕಿಯಾದ ಫೋನ್ ವಿಭಾಗ ಮೈಕ್ರೋಸಾಫ್ಟ್ ಪಾಲಾಯಿತು, ಆಮೇಲೆ ಸಾವಿರಾರು ಎಂಜಿನಿಯರುಗಳು ಕೆಲಸ ಕಳೆದುಕೊಂಡರು. ಈಗಿನ ಗುರಿ 2030ಕ್ಕೆ ಜಿಡಿಪಿಯ ಶೇ. 4ರಷ್ಟನ್ನು ಸಂಶೋಧನೆಗೆ ವ್ಯಯಿಸುವುದು.

ನಿನಗೆ ನೇರವಾಗಿ ತಟ್ಟುವ ನೀತಿ ಬೇರೆಯೇ ಇದೆ. 2025ರ ಜೂನ್‌ನಿಂದ, ಉದ್ಯೋಗದ ಪರವಾನಗಿಯಲ್ಲಿರುವವರು ಕೆಲಸ ಕಳೆದುಕೊಂಡರೆ ಸಾಮಾನ್ಯವಾಗಿ ಮೂರು ತಿಂಗಳೊಳಗೆ, ಪರಿಣತರಾಗಿದ್ದರೆ ಅಥವಾ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಲ್ಲಿದ್ದರೆ ಆರು ತಿಂಗಳೊಳಗೆ ಇನ್ನೊಂದನ್ನು ಹಿಡಿಯಬೇಕು. ಹೊರಗಿನ ಬುದ್ಧಿವಂತರು ಬೇಕು ಎನ್ನುವ ಬಾಯಿಯೇ ಹೀಗೂ ಹೇಳುತ್ತದೆ! ಸ್ಟಾರ್ಟ್‌ಅಪ್ ಸ್ಥಾಪಕರಿಗೆ 2018ರಿಂದ ಪ್ರತ್ಯೇಕ ಪರವಾನಗಿಯಿದೆ. ಅದಕ್ಕೆ ಮೊದಲು ನಿನ್ನ ಯೋಜನೆ ಅರ್ಹವೆಂದು ಬಿಸಿನೆಸ್ ಫಿನ್‌ಲೆಂಡ್ ಹೇಳಬೇಕು. ಆ ಪತ್ರ ಕೈಗೆ ಬರುವವರೆಗೆ ನೌಕರಿಗೆ ರಾಜೀನಾಮೆ ಕೊಡಬೇಡ.